ಮೀಸೆ ಮಣ್ಣಾಗಲಿಲ್ಲ, ಮಣಿಕಟ್ಟು ಮುರಿಯಿತು

ನಮ್ಮ ಮನೆಯ ಭೂಗೋಳವನ್ನು ಬರೆದವರು ಬಿದ್ದವರು. ವಾಸ್ತುವಿನವರಿಗೆ ಅದು ಈಶಾನ್ಯ, ಆಗ್ನೇಯ ಏನಾದರೂ ಇದ್ದೀತು. ನಮಗೆ ಮಾತ್ರ ಅದು ಅಮ್ಮ ಜಾರಿದ ಬಚ್ಚಲು, ಭಾವ ಕೂತ ಮೆಟ್ಟಿಲು, ನಾನು ಉದುರಿದ ಅಟ್ಟ. ಕತ್ತರಿ ಎಲ್ಲಿದೆಯೇ ಎಂದು ಕೂಗಿದರೆ “ನೀವು ಬಿದ್ರಲ್ಲ, ಅದರ ಎದುರುಗಡೆ ಗೂಡಲ್ಲಿ ನೋಡ್ರೀ” ಎಂದು ಅಡುಗೆಮನೆಯಿಂದ ಉತ್ತರ ಬರುತ್ತದೆ. ಗ್ಯಾಸ್ ಸಿಲಿಂಡರ್ ತರುವ ಹುಡುಗನಿಗೂ ಇದು ಬಾಯಿಪಾಠ. “ಎಲ್ಲಿಡ್ಲಿ ಅಮ್ಮಾ, ಅಜ್ಜಿ ಬಿದ್ದ ಕಡೆನಾ, ಸಾರ್ ಬಿದ್ದ ಕಡೆನಾ?” ಎಂದು ಬಾಗಿಲಲ್ಲೇ ಕೇಳುತ್ತಾನೆ.

ಬೀಳುವುದಕ್ಕೆ ಕ್ಷಣ ಸಾಕು. ಬಿದ್ದು ಮುಗಿಸುವುದಕ್ಕೆ ಮಾತ್ರ ವರ್ಷಗಟ್ಟಲೆ ಬೇಕು. ನಾನು ಬಿದ್ದ ಮೇಲೆ ಎಷ್ಟೋ ದಸರೆ ಕಳೆದವು. ಇನ್ನೂ ಬಿದ್ದು ಮುಗಿದಿಲ್ಲ.

ಮೈಸೂರಿನ ಮನೆ ಎಂದ ಮೇಲೆ ನವರಾತ್ರಿಗೆ ಗೊಂಬೆ ಕೂರಿಸಲೇಬೇಕು. ಗೊಂಬೆ ಎಂದ ಮೇಲೆ ಅವು ವರ್ಷವೆಲ್ಲ ಅಟ್ಟದ ಟ್ರಂಕಿನಲ್ಲಿ ನಿದ್ದೆ ಮಾಡಬೇಕು. ಅವುಗಳನ್ನು ಎಬ್ಬಿಸಿ ಇಳಿಸುವುದು ನನ್ನ ವಂಶಪಾರಂಪರ್ಯ ಹಕ್ಕು. ಏಣಿಯನ್ನು ಪಕ್ಕದ ಮನೆಯವರು ಬಣ್ಣ ಹೊಡೆಸಲು ಒಯ್ದಿದ್ದರಿಂದ ಸ್ಟೂಲ್ ಹತ್ತಿದೆ. ಹಳೇ ಪಂಚೆಯಲ್ಲಿ ಸುತ್ತಿದ ಪಟ್ಟದ ಗೊಂಬೆಗಳನ್ನು ಎಡಗೈಯಲ್ಲಿ ಎದೆಗೆ ಅವುಚಿಕೊಂಡು ಬಲಗೈಯಲ್ಲಿ ಟ್ರಂಕಿನ ಮುಚ್ಚಳ ಹಾಕುತ್ತಿದ್ದೆ. ಅಷ್ಟರಲ್ಲಿ ಸ್ಟೂಲಿನ ನಾಲ್ಕನೇ ಕಾಲು ತನಗೂ ಈ ವ್ಯವಹಾರಕ್ಕೂ ಸಂಬಂಧವಿಲ್ಲವೆಂದು ಪಕ್ಕಕ್ಕೆ ಸರಿಯಿತು. ಸದ್ದು ಕೇಳಿ ಮನೆಮಂದಿಯೆಲ್ಲ ಓಡಿ ಬಂದರು. ಅಮ್ಮ ಕೇಳಿದ ಮೊದಲ ಪ್ರಶ್ನೆ: “ಪಟ್ಟದ ಗೊಂಬೆಗೇನಾದ್ರೂ ಆಯ್ತೇನೋ?”

ಏನೂ ಆಗಿರಲಿಲ್ಲ. ರಾಜ ರಾಣಿ ಇಬ್ಬರೂ ನನ್ನ ಹೊಟ್ಟೆಯ ಮೇಲೆ ಕ್ಷೇಮವಾಗಿದ್ದರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಗಾದೆ ನನ್ನ ಮಟ್ಟಿಗೆ ಅಕ್ಷರಶಃ ನಿಜವಾಯಿತು. ನೆಲವನ್ನು ಆಗತಾನೇ ಒರೆಸಿದ್ದರಿಂದ ಮಣ್ಣೇ ಇರಲಿಲ್ಲ. ಮುರಿದದ್ದು ಬಲಗೈ ಮಣಿಕಟ್ಟು.

ಬೈಕಿನಿಂದ ಬಿದ್ದವನಿಗೆ ಸಿಗುವ ಮರ್ಯಾದೆ ಸ್ಟೂಲಿನಿಂದ ಬಿದ್ದವನಿಗಿಲ್ಲ. ಬೈಕ್ ಎಂದರೆ ಜನ ‘ಅಯ್ಯೋ’ ಎನ್ನುತ್ತಾರೆ. ಸ್ಟೂಲ್ ಎಂದರೆ ‘ಎಷ್ಟೆತ್ತರ?’ ಎನ್ನುತ್ತಾರೆ. ಒಂದೂವರೆ ಅಡಿ ಎಂದು ಹೇಳಿ ಹೇಳಿ ನಾಚಿಕೆಯಾಗಿ, 18 ಇಂಚು ಎನ್ನಲು ಶುರುಮಾಡಿದೆ. ಅಂಕಿ ದೊಡ್ಡದಾಗಿ ಕೇಳಿಸುತ್ತದೆ. ನನ್ನ ಬೀಳುವಿಕೆಗೆ ಒಂದಿಷ್ಟು ಘನತೆ ಬರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವನ್ನೂ ಹುಡುಕಿ ತೆಗೆದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಆಕಸ್ಮಿಕ ಗಾಯದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಮುಂದಿನ ಸ್ಥಾನ ಬೀಳುವುದಕ್ಕೇ, ಡಾಕ್ಟರ ಹತ್ತಿರ ಹೋಗಲೇಬೇಕಾದಷ್ಟು ಪೆಟ್ಟಾಗುವ ಬೀಳುವಿಕೆಗಳು 3 ಕೋಟಿ 73 ಲಕ್ಷ ಎಂದು ಹೆಂಡತಿಗೆ ಗಂಭೀರವಾಗಿ ಓದಿ ಹೇಳಿದೆ. ಅವಳು ಹುರುಳಿಕಾಯಿ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ. “ಅಷ್ಟು ಜನ ಬೀಳ್ತಾ ಇರೋವಾಗ ನೀವೊಬ್ರು ಹಿಂದೆ ಉಳಿದ್ರೆ ಚೆನ್ನಾಗಿರುತ್ತಾ?” ಎಂದಳು.

ಮೂಳೆ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, “ಕೋಲಿಸ್ ಫ್ರ್ಯಾಕ್ಚರ್ ಸಾರ್” ಎಂದರು. ಬೀಳುವಾಗ ಎಲ್ಲರೂ ಕೈ ಮುಂದೆ ಚಾಚಿ ನೆಲ ತಡೆಯಲು ನೋಡುತ್ತಾರೆ. ನೆಲ ತಡೆಯುವುದಿಲ್ಲ, ಮುಂಗೈಯ ಹೆಬ್ಬೆರಳ ಕಡೆಯ ಮೂಳೆಯ ತುದಿ ಮುರಿದು ಹಿಂದಕ್ಕೆ ಸರಿಯುತ್ತದೆ. ಏಬ್ರಹಾಂ ಕೋಲಿಸ್ ಎಂಬ ಐರ್ಲೆಂಡಿನ ಶಸ್ತ್ರವೈದ್ಯ ಇದನ್ನು 1814ರಲ್ಲೇ ವಿವರಿಸಿ ಬರೆದನಂತೆ. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅಂದರೆ ಆತ ಫೋಟೋ ಇಲ್ಲದೆ, ಮುಟ್ಟಿ ನೋಡಿಯೇ ಹೇಳಿದ. ಮುರಿದ ಕೈ ಊಟದ ಫೋರ್ಕಿನ ಆಕಾರಕ್ಕೆ ಬರುತ್ತದೆ ಎಂದು ಪಾಶ್ಚಾತ್ಯ ಪುಸ್ತಕಗಳಲ್ಲಿದೆ. ನಮ್ಮ ಮನೆಯಲ್ಲಿ ಫೋರ್ಕ್ ಇಲ್ಲ. ಅಮ್ಮ ನೋಡಿದವಳೇ, “ಸಟ್ಟುಗದ ಹಾಗಾಗಿದೆಯಲ್ಲೋ!” ಎಂದಳು. ಈ ಕೋಲಿಸ್ ಮಹಾಶಯ ಇನ್ನೊಂದು ಸಮಾಧಾನವನ್ನೂ ಹೇಳಿದ್ದಾನೆ: ಕೈ ಡೊಂಕಾಗಿಯೇ ಉಳಿಯಬಹುದು, ಆದರೆ ಮುಂದೊಂದು ಕಾಲಕ್ಕೆ ನೋವೆಲ್ಲ ಹೋಗಿ ಸರಾಗವಾಗಿ ಆಡುತ್ತದೆ. ಆ ‘ಮುಂದೊಂದು ಕಾಲ’ ಯಾವ ಸಂವತ್ಸರ ಎನ್ನುವುದನ್ನು ಮಾತ್ರ ಆತ ಬರೆದಿಟ್ಟಿಲ್ಲ. ನಾನು ಪ್ರತಿ ಯುಗಾದಿಗೂ ಪಂಚಾಂಗ ನೋಡುತ್ತಿದ್ದೇನೆ.

ಕೋಲಿಸನ ಪರಂಪರೆಯನ್ನು ಮುಂದುವರಿಸಿದವರು ನಮ್ಮ ನೆಂಟರು. ಎಕ್ಸ್‌ರೇಗೆ ಕಾಯದೆ, ಒಬ್ಬೊಬ್ಬರೂ ಮುಟ್ಟಿ ಒತ್ತಿ, “ಇಲ್ಲೇ ತಾನೇ ನೋವು?” ಎಂದು ಖಚಿತಪಡಿಸಿಕೊಂಡರು. ನಾನು ಹೌದೆಂದು ಕಿರುಚಿದ ಮೇಲೆ ತೃಪ್ತಿಯಿಂದ ಕಾಫಿ ಕುಡಿದರು. ಸೋದರಮಾವನಿಗೆ ಆಸ್ಪತ್ರೆಯಲ್ಲಿ ನಂಬಿಕೆಯಿಲ್ಲ. “ಪುತ್ತೂರು ಕಟ್ಟು ಹಾಕಿಸ್ಬೇಕಿತ್ತು ಕಣೋ, ಮೊಟ್ಟೆ, ಸೊಪ್ಪು, ಬಟ್ಟೆ, ಅಷ್ಟೇ. ನಾಳೇನೇ ಹೊರಡು” ಎಂದು ಬಸ್ಸಿನ ಟಿಕೆಟನ್ನೂ ತಂದುಬಿಟ್ಟ. ಟಿಕೆಟ್ ನೋಡಿದರೆ ದಕ್ಷಿಣ ಕನ್ನಡದ ಪುತ್ತೂರಿಗೆ. ಮೂಳೆ ಕಟ್ಟುವ ಪುತ್ತೂರು ತಿರುಪತಿಯ ಹತ್ತಿರ ಆಂಧ್ರದಲ್ಲಿದೆ. ಇದು ಮಹಾಲಿಂಗೇಶ್ವರ ದೇವಸ್ಥಾನದ, ಕಾರಂತರ ಬಾಲವನದ ಪುತ್ತೂರು. ಮಾವ ಸೋಲಲಿಲ್ಲ. “ಹೋಗಿ ದೇವರ ದರ್ಶನ ಆದ್ರೂ ಮಾಡ್ಕೊಂಡು ಬಾ” ಎಂದ.

ಪಟ್ಟಿ ಹಾಕಿದ್ದ ದಿನಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಸುಖದ ಕಾಲ. ಕೈಗೆ ಬಿಳಿ ಗಾರೆ ಮೆತ್ತಿದ್ದಾರೆ ಎಂದರೆ ಸಾಕ್ಷಿ ಕಣ್ಣೆದುರೇ ಇದೆ. ಯಾರೂ ತೆಂಗಿನಕಾಯಿ ತುರಿ ಎನ್ನುವುದಿಲ್ಲ, ಅನ್ನ ಕಲಸಿ ಚಮಚ ಹಾಕಿ ಕೊಡುತ್ತಾರೆ. ಒಳಗೆ ನವೆಯಾಗಿ, ಡಾಕ್ಟರು ಬೇಡವೆಂದಿದ್ದರೂ ಮೊಮ್ಮಗಳ ಸ್ಕೇಲನ್ನು ತೂರಿಸುವುದೊಂದೇ ಕಷ್ಟದ ಕೆಲಸ. ಪಟ್ಟಿ ಕತ್ತರಿಸಿದ ದಿನವೇ ನಿಜವಾದ ಗ್ರಹಚಾರ ಶುರುವಾದದ್ದು. ಒಳಗಿನಿಂದ ಹೊರಬಂದ ಕೈ ನನ್ನದೇ ಎಂದು ಗುರುತು ಹಿಡಿಯಲು ಉಂಗುರದ ಕಲೆ ನೋಡಬೇಕಾಯಿತು: ಸಣಕಲು, ಹೊಪ್ಪಳಿಕೆ ಏಳುವ ಚರ್ಮ, ಮಡಚದ ಬೆರಳು. ಆದರೆ ಪಟ್ಟಿ ಹೋಯಿತೆಂದರೆ ಮನೆಯವರ ಪಾಲಿಗೆ ಕಾಯಿಲೆಯೂ ಹೋಯಿತು. ಅಂದು ಸಂಜೆಯೇ ಹೆಂಡತಿ ಉಪ್ಪಿನಕಾಯಿ ಜಾಡಿ ತಂದು “ಇದರ ಮುಚ್ಚಳ ಸ್ವಲ್ಪ ತೆಗೀರಿ” ಎಂದಳು.

ಮುಚ್ಚಳ ಇವತ್ತಿಗೂ ತೆಗೆಯಲಾಗಿಲ್ಲ. ಅದು ಬಿಡಿ, ನನಗೆ ಊರಲ್ಲಿ ಮಾನ ಹೋದದ್ದು ತೀರ್ಥದಿಂದ. ಮುಂಗೈಯಲ್ಲಿ ಎರಡು ಮೂಳೆಗಳಿವೆ. ಅಂಗೈ ಮೇಲೆ ಕೆಳಗೆ ಮಾಡುವಾಗ ಒಂದು ಇನ್ನೊಂದರ ಸುತ್ತ ಹೊರಳುತ್ತದೆ. ಮುರಿದದ್ದು ಕೂಡುವಾಗ ಕೂದಲೆಳೆಯಷ್ಟು ಗಿಡ್ಡವಾಗಿ ಕೂಡಿದರೂ ಆ ಹೊರಳುವಿಕೆಗೆ ಅಡ್ಡಿಯಾಗುತ್ತದಂತೆ. ನನ್ನ ಬಲ ಅಂಗೈ ಈಗ ಅರ್ಧ ದಾರಿಯವರೆಗೆ ಮೇಲೆ ತಿರುಗುತ್ತದೆ, ಆಮೇಲೆ ನಿಲ್ಲುತ್ತದೆ. ದೇವಸ್ಥಾನದಲ್ಲಿ ಸಾಲಿನಲ್ಲಿ ನಿಂತು ಕೈ ಒಡ್ಡಿದರೆ ಅದು ತೀರ್ಥಕ್ಕೆ ಒಡ್ಡಿದ ಕೈಯಾಗಿ ಕಾಣುವುದಿಲ್ಲ, ಭಟ್ಟರಿಗೆ ಹಸ್ತಲಾಘವ ಕೊಡಲು ಹೊರಟವನ ಕೈಯಾಗಿ ಕಾಣುತ್ತದೆ. ಮೊದಲ ಸಲ ಭಟ್ಟರು ಉದ್ಧರಣೆ ಎತ್ತಿ ಕಾದರು. “ಕೈ ಸರಿಯಾಗಿ ಹಿಡೀರಿ ಸ್ವಾಮಿ” ಎಂದರು. ನಾನು ಇದೇ ಸರಿ ಎಂದೆ. ಅವರು ಹಾಕಿದರು. ಒಂದು ತುಳಸೀದಳ ಮಾತ್ರ ಅಂಗೈಯಲ್ಲಿ ಉಳಿದು, ಮಿಕ್ಕ ತೀರ್ಥವೆಲ್ಲ ಮಣಿಕಟ್ಟಿನ ಡೊಂಕು ಹಿಡಿದು ಮೊಳಕೈವರೆಗೆ ಇಳಿದು ಅಂಗಿಯ ತೋಳಿಗೆ ಪ್ರಾಪ್ತವಾಯಿತು. ಎಡಗೈ ಒಡ್ಡುವ ಹಾಗಿಲ್ಲ. ಈಗ ಒಂದು ಉಪಾಯ ಕಂಡುಕೊಂಡಿದ್ದೇನೆ: ಮೊಳಕೈಯನ್ನು ಪಕ್ಕೆಗೆ ಒತ್ತಿ ಇಡೀ ದೇಹವನ್ನೇ ಬಲಕ್ಕೆ ವಾಲಿಸಿದರೆ ಅಂಗೈ ಹೇಗೋ ಆಕಾಶ ನೋಡುತ್ತದೆ. ಒಂದೇ ತೊಂದರೆ, ಬಲಕ್ಕೆ ನಿಂತಿರುವವರ ಭುಜದ ಮೇಲೆ ತಲೆಯಿಟ್ಟ ಹಾಗಾಗುತ್ತದೆ. ಒಂದು ಶ್ರಾವಣ ಶನಿವಾರ ಪಕ್ಕದಲ್ಲಿದ್ದವರು ನನ್ನ ಭಕ್ತಿಪರವಶತೆ ಕಂಡು ಬೆನ್ನು ಸವರಿದರು.

ಬಿದ್ದವನಿಗೆ ಕೈಯೊಂದೇ ಅಲ್ಲ, ತಲೆಯ ಮೇಲೂ ಅನುಮಾನ ಬರುತ್ತದೆ. ವಯಸ್ಸಾದವರ ತಲೆಗೆ ಸಣ್ಣ ಪೆಟ್ಟು ಬಿದ್ದರೂ ಒಳಗೆ ನಿಧಾನವಾಗಿ ರಕ್ತ ಸೋರಿ, ವಾರಗಳ ಮೇಲೆ ತಲೆನೋವು, ಮಂಪರು, ಗೊಂದಲ, ತೂರಾಡುವುದು ಶುರುವಾಗಬಹುದು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು ಎಂದು ಡಾಕ್ಟರು ಹೇಳಿದ್ದನ್ನು ಹೆಂಡತಿ ಮನಸ್ಸಿನಲ್ಲಿಟ್ಟುಕೊಂಡಿದ್ದಳು. ದೇವರಾಜ ಮಾರುಕಟ್ಟೆಯಿಂದ ನಾನು ಕೊತ್ತಂಬರಿ ಸೊಪ್ಪು ಮರೆತು ಬರಿಗೈಲಿ ಬಂದ ದಿನ ಅವಳ ಮುಖ ಬಿಳುಪೇರಿತು. ಸೀದಾ ಸ್ಕ್ಯಾನಿಗೆ ಕರೆದುಕೊಂಡು ಹೋದಳು. ವರದಿ ಪೂರ್ತಿ ನಾರ್ಮಲ್. ನನಗಾದ ದೊಡ್ಡ ನಷ್ಟವೇ ಅದು: ನನ್ನ ಮರೆವಿಗೆ ವೈದ್ಯಕೀಯ ಕಾರಣ ಏನೂ ಇಲ್ಲ ಎಂಬುದಕ್ಕೆ ಈಗ ಮನೆಯಲ್ಲಿ ಲಿಖಿತ ದಾಖಲೆಯಿದೆ, ಅದು ಬೀರುವಿನಲ್ಲಿ ಮನೆಪತ್ರದ ಪಕ್ಕದಲ್ಲಿದೆ.

ಅದೇ ಓಡಾಟದಲ್ಲಿ ಮೂಳೆ ಗಟ್ಟಿತನದ ಪರೀಕ್ಷೆಯೂ ಆಯಿತು. ಅಷ್ಟು ಕೆಳಗಿನಿಂದ ಬಿದ್ದು ಮೂಳೆ ಮುರಿದರೆ ಮೂಳೆಯನ್ನೇ ಶಂಕಿಸಬೇಕಂತೆ. ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತ. ನಾನು ಗಡಿಯ ಈಚೆ ಸ್ವಲ್ಪದರಲ್ಲಿ ಪಾಸಾದೆ. ಜೊತೆಗೆ ಬಂದ ಹೆಂಡತಿಯೂ ಮಾಡಿಸಿಕೊಂಡಳು. ಮುಟ್ಟು ನಿಂತ ಮೇಲೆ ಹೆಂಗಸರಿಗೇ ಮೂಳೆ ಬೇಗ ಸವೆಯುವುದು ಎಂದು ಗೋಡೆಯ ಮೇಲೆಲ್ಲ ಬರೆದಿದ್ದರು. ಅವಳದು ಫಸ್ಟ್ ಕ್ಲಾಸ್. ನಮ್ಮಿಬ್ಬರಲ್ಲಿ ಯಾರು ಗಟ್ಟಿ ಎಂಬುದು ಮದುವೆಯಾದಾಗಿನಿಂದ ಗೊತ್ತಿದ್ದರೂ ಮೊಹರು ಬಿದ್ದದ್ದು ಆಗ. ಆಮೇಲೆ ನನಗೆ ಮುದ್ದೆ, ರಾಗಿ ದೋಸೆ, ರಾಗಿ ಅಂಬಲಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ದಾಟಿ ಕ್ಯಾಲ್ಸಿಯಂ ಇರುವುದು ನಿಜವೇ, ಆದರೆ ಹಬ್ಬದ ದಿನ ಒಬ್ಬಟ್ಟಿನ ಕಣಕಕ್ಕೂ ಅದನ್ನೇ ಬೆರೆಸಬೇಕೇ? ಅತ್ತಿಗೆ ಊರಿಂದ ಮಂಗರವಳ್ಳಿ ತಂದು ಚಟ್ನಿ ಮಾಡಿದಳು. ಮೂಳೆ ಕೂಡಿಸುವ ಬಳ್ಳಿ ಎಂದು ಅದಕ್ಕೆ ಹಿಂದಿನಿಂದ ಹೆಸರು. ಹುಣಿಸೆಹಣ್ಣು ಹಾಕಿ ಚೆನ್ನಾಗಿ ಹುರಿಯದಿದ್ದರೆ ಅದು ಗಂಟಲು ಕೆರೆಯುತ್ತದೆ. ಅವತ್ತು ಹುಣಿಸೆಹಣ್ಣು ಕಮ್ಮಿ ಬಿದ್ದಿತ್ತು. ಇಡೀ ರಾತ್ರಿ ಮಣಿಕಟ್ಟಿನ ನೋವು ನೆನಪಿಗೇ ಬರಲಿಲ್ಲ.

ಭಾವನದು ಬೇರೆಯೇ ಕಥೆ. ಅವರು ನಮ್ಮ ಮನೆ ಮೆಟ್ಟಿಲ ಮೇಲೆ ಕೂತದ್ದು ಕಾಲು ಜಾರಿ. ಕೂತ ರಭಸಕ್ಕೆ ಬೆನ್ನೆಲುಬಿನ ತುದಿಯ ಬಾಲದ ಮೂಳೆ ನೊಂದಿತು. ಅಲ್ಲಿಗೆ ಗಾರೆ ಪಟ್ಟಿ ಹಾಕಲಾಗುವುದಿಲ್ಲ, ಬಂದವರಿಗೆ ತೋರಿಸಲಾಗುವುದಿಲ್ಲ, ಎಲ್ಲಿ ಪೆಟ್ಟು ಎಂದು ಬೀಗಿತ್ತಿ ಕೇಳಿದರೆ ಹೇಳಲಾಗುವುದಿಲ್ಲ. ಸಹಾನುಭೂತಿಯ ದೃಷ್ಟಿಯಿಂದ ನೋಡಿದರೆ ಮನುಷ್ಯನ ಮೈಯಲ್ಲಿ ಅದಕ್ಕಿಂತ ನಿಷ್ಪ್ರಯೋಜಕ ಜಾಗ ಇನ್ನೊಂದಿಲ್ಲ. ನೋವು ವರ್ಷ ದಾಟಿದರೂ ಹೋಗಲಿಲ್ಲ. ನಡುವೆ ಸೀಳಿರುವ ಒಂದು ದಿಂಬನ್ನು ಚೀಲದಲ್ಲಿಟ್ಟುಕೊಂಡು ಮದುವೆ, ಮುಂಜಿ, ಹರಿಕಥೆ ಎಲ್ಲಕ್ಕೂ ಹೋಗುತ್ತಾರೆ. ದಿಂಬು ಮರೆತ ದಿನ ಮುಂದಕ್ಕೆ ಬಾಗಿ ಕೂರಬೇಕು. ಹಿಂದಕ್ಕೆ ಒರಗಿದರೆ ಭಾರವೆಲ್ಲ ಆ ಮೂಳೆಯ ಮೇಲೆ. ಹೀಗೆ ಮುಂದಕ್ಕೆ ಬಾಗಿ, ಗಲ್ಲಕ್ಕೆ ಕೈಕೊಟ್ಟು, ಆಗಾಗ ಮುಖ ಕಿವಿಚುತ್ತ ಕೂತವರನ್ನು ಕಂಡು ಭಾಷಣಕಾರರಿಗೆಲ್ಲ ಎಲ್ಲಿಲ್ಲದ ಸಂತೋಷ. ಇಷ್ಟು ತನ್ಮಯರಾಗಿ ಕೇಳುವವರು ಈ ಕಾಲದಲ್ಲಿ ಸಿಗುವುದಿಲ್ಲ ಎಂದು ಬಡಾವಣೆಯ ಸಾಹಿತ್ಯಾಸಕ್ತರ ಬಳಗದವರು ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ್ದಾರೆ. ಅಧ್ಯಕ್ಷರ ಕುರ್ಚಿ ಗಟ್ಟಿ ಮರದ್ದು.

ಇಷ್ಟೆಲ್ಲದರ ನಡುವೆ ಏನೂ ಮುರಿಯದವಳು ಅಮ್ಮ. ನರಕ ಚತುರ್ದಶಿಯ ಅಭ್ಯಂಜನದ ದಿನ ಎಣ್ಣೆ ಸೀಗೆಪುಡಿ ಸೇರಿದ ಬಚ್ಚಲ ನೆಲದ ಮೇಲೆ ಜಾರಿ, ಹಂಡೆಯ ಕಟ್ಟೆ ಹಿಡಿದುಕೊಂಡು ಕುಸಿದಳು. ಕಾಲು ಉಳುಕಿತು, ನೋವಿನೆಣ್ಣೆ ತಿಕ್ಕಿದೆವು, ಹೋಯಿತು. ಉಳಿದುಕೊಂಡದ್ದು ಭಯ. ಅದಕ್ಕೆ ಎಕ್ಸ್‌ರೇ ಇಲ್ಲ. ಮಹಡಿ ಹತ್ತುವುದು ನಿಂತಿತು, ಎದುರುಮನೆಗೆ ಅರಿಶಿನ ಕುಂಕುಮಕ್ಕೆ ಹೋಗುವುದು ನಿಂತಿತು, ಗೋಡೆ ಹಿಡಿಯದೆ ಒಂದು ಹೆಜ್ಜೆ ಇಡುವುದೂ ನಿಂತಿತು. ಭಯಕ್ಕೆ ಕೂತರೆ ತೊಡೆಯ ಶಕ್ತಿ ಹೋಗುತ್ತದೆ, ಶಕ್ತಿ ಹೋದರೆ ಮತ್ತೆ ಬೀಳುತ್ತಾರೆ, ಆದ್ದರಿಂದ ನಡೆಸಿ ಎಂದು ಡಾಕ್ಟರು ಬುದ್ಧಿ ಹೇಳಿದರು. ಕೋಲು ತಂದುಕೊಟ್ಟೆವು. “ಕೋಲು ಹಿಡಿದ್ರೆ ಮುದುಕಿ ಅಂತಾರೆ” ಎಂದಳು. ಆಗ ಅವಳಿಗೆ 84. ಬಚ್ಚಲಿಗೆ ಹಿಡಿದುಕೊಳ್ಳಲು ಸ್ಟೀಲಿನ ಸರಳು ಹಾಕಿಸಿದೆವು. ಅದರ ಮೇಲೆ ಅವಳು ಮಡಿ ಸೀರೆ ಹರವಿದ್ದಾಳೆ. ಮಡಿಯಾದ್ದರಿಂದ ಯಾರೂ ಮುಟ್ಟುವ ಹಾಗಿಲ್ಲ, ಹಿಡಿದುಕೊಳ್ಳುವ ಮಾತಂತೂ ದೂರ. ಬೆಂಗಳೂರಿನಿಂದ ಮಗ ಜಾರದ ಮ್ಯಾಟುಗಳನ್ನು ಕಳಿಸಿದ. ಮ್ಯಾಟ್ ಜಾರಲಿಲ್ಲ, ಅದರ ಮಡಚಿದ ಅಂಚಿಗೆ ಹೆಂಡತಿ ಎಡವಿದಳು. ಮೂಳೆ ಫಸ್ಟ್ ಕ್ಲಾಸ್ ಆದ್ದರಿಂದ ಬಾಗಿಲಿಗೆ ಪೆಟ್ಟಾಯಿತು.

ನಡುಮನೆಯಿಂದ ಅಡುಗೆಮನೆವರೆಗಿನ ಓಣಿಯ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಎಣ್ಣೆಗಪ್ಪಿನ ಒಂದು ಪಟ್ಟೆಯಿದೆ. ಅದು ಅಮ್ಮನ ಬಲ ಅಂಗೈ ಓಡಾಡುವ ದಾರಿ. ಸ್ವಿಚ್ ಬೋರ್ಡ್ ಬಂದಲ್ಲಿ ಅದು ಸ್ವಲ್ಪ ಇಳಿದು, ದಾಟಿದ ಮೇಲೆ ಮತ್ತೆ ಏರುತ್ತದೆ. ಕ್ಯಾಲೆಂಡರಿನ ಕೆಳಗೆ, ಅವಳು ನಿಂತು ಏಕಾದಶಿ ಯಾವತ್ತು ಎಂದು ನೋಡುವಲ್ಲಿ, ಅಗಲವಾಗಿ ಕಪ್ಪಾಗಿದೆ. ಬಣ್ಣದವನು ಬಂದು ನೋಡಿ, “ಬಾರ್ಡರ್ ಡಿಸೈನಾ ಸಾರ್, ಹಂಗೇ ಬಿಡ್ಲಾ?” ಎಂದ. ಅವಳನ್ನು ನೋಡಿ ನಗುತ್ತಿದ್ದ ನಾನು, ಸ್ಟೂಲಿನ ಪ್ರಕರಣದ ನಂತರ, ಯಾವಾಗಿನಿಂದಲೋ ಗೊತ್ತಿಲ್ಲ, ಅದೇ ಗೋಡೆ ಹಿಡಿಯತೊಡಗಿದ್ದೆ. ಒಂದು ದಿನ ಕರೆಂಟ್ ಹೋದಾಗ ಅವಳು ಅಡುಗೆಮನೆಯಿಂದ, ನಾನು ನಡುಮನೆಯಿಂದ, ಒಂದೇ ಪಟ್ಟೆಯ ಮೇಲೆ ಕೈಯಿಟ್ಟು ಬಂದು ಕ್ಯಾಲೆಂಡರಿನ ಹತ್ತಿರ ಡಿಕ್ಕಿಯಾದೆವು.

“ಯಾರದು?”

“ನಾನಮ್ಮ. ನೀನು ಆ ಕಡೆ ಗೋಡೆ ಹಿಡ್ಕೊ.”

“ನಾನ್ಯಾಕೆ ಹಿಡಿಯಲಿ? ಇದು ನನ್ನ ಗೋಡೆ. ನಿನಗೆ ಇನ್ನೂ ವಯಸ್ಸಿದೆ, ನೀನು ಬಿಡೋ.”

“ಬಿಟ್ರೆ ಬೀಳ್ತೀನಿ ಕಣಮ್ಮ.”

“ಮೊದಲು ಯಾರು ಬಿದ್ದದ್ದು ಈ ಮನೇಲಿ? ನಾನಲ್ವಾ?”

ಜ್ಯೇಷ್ಠತೆಯ ಪ್ರಶ್ನೆ ಬಂದ ಮೇಲೆ ಉತ್ತರವಿಲ್ಲ. ಹೆಂಡತಿ ಮೊಬೈಲ್ ದೀಪ ಹಿಡಿದು ಬರುವವರೆಗೆ ಇಬ್ಬರೂ ಹಾಗೇ ನಿಂತಿದ್ದೆವು. ಈಗ ಎದುರು ಗೋಡೆಯ ಮೇಲೂ ಒಂದು ಪಟ್ಟೆ ಮೂಡುತ್ತಿದೆ. ಅದು ಸ್ವಲ್ಪ ಎತ್ತರದಲ್ಲಿದೆ, ಎಡಗೈಯದು.

ಮುರಿದ ಮೂಳೆಯಿಂದ ಏನೂ ಲಾಭವಿಲ್ಲ ಎನ್ನಬೇಡಿ. ಮೋಡ ಕಟ್ಟುವ ಮುಂಚೆ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತದೆ, ಅಥವಾ ಹಿಡಿದುಕೊಳ್ಳುತ್ತದೆಂದು ನಾನು ನಂಬಿದ್ದೇನೆ. ಹವೆಗೂ ಹಳೇ ಪೆಟ್ಟಿಗೂ ಇರುವ ನಂಟನ್ನು ಎಲ್ಲ ಡಾಕ್ಟರುಗಳೂ ಒಪ್ಪುವುದಿಲ್ಲ, ಆದರೆ ನಮ್ಮ ಬೀದಿ ಒಪ್ಪಿದೆ. ಬೇಸಿಗೆಯಲ್ಲಿ “ಇವತ್ತು ಸಂಡಿಗೆ ಹಾಕಬಹುದಾ, ನಿಮ್ಮೆಜಮಾನ್ರ ಕೈ ಏನನ್ನುತ್ತೆ?” ಎಂದು ಕಾಂಪೌಂಡಿನ ಆಚೆಯಿಂದ ವಿಚಾರಣೆ ಬರುತ್ತದೆ. ಒಮ್ಮೆ ಕೈ ಪೂರ್ತಿ ಹಗುರವಾಗಿದೆ ಎಂದು ಧೈರ್ಯ ಕೊಟ್ಟೆ. ಮಧ್ಯಾಹ್ನ ಮೂರಕ್ಕೆ ಆಲಿಕಲ್ಲು ಮಳೆ. ನಾಲ್ಕು ಮನೆಯ ಅರಳು ಸಂಡಿಗೆ ಚರಂಡಿ ಸೇರಿತು. ಆಮೇಲೆ ಬಹಳ ದಿನ ಆ ಮನೆಗಳಿಂದ ಹಬ್ಬದ ತಿಂಡಿ ಬರಲಿಲ್ಲ.

ಆದರೂ ಈ ಕೈಯ ಆಸರೆಯಲ್ಲಿ ನಾನು ಮನೆಗೆಲಸದಿಂದ ಒಂದು ಮಟ್ಟಿಗೆ ಪಾರಾಗಿದ್ದೆ. ಬಟ್ಟೆ ಹಿಂಡು ಎಂದರೆ ಮಣಿಕಟ್ಟು, ನಲ್ಲಿ ಬಿಗಿ ಮಾಡು ಎಂದರೆ ಮಣಿಕಟ್ಟು. ಇಸ್ಪೀಟು ಕಲೆಸುವಾಗ ಅದೇ ಮಣಿಕಟ್ಟು ಸಲೀಸಾಗಿ ಆಡುವುದನ್ನು ಹೆಂಡತಿ ಗಮನಿಸುತ್ತ ಬಂದಿದ್ದಳೆನ್ನುವುದು ನನಗೆ ತಿಳಿಯಲಿಲ್ಲ. ಹೋದ ತಿಂಗಳು ಅವಳೇ ಖುದ್ದಾಗಿ ನನ್ನನ್ನು ಫಿಜಿಯೋಥೆರಪಿಯ ಹುಡುಗನ ಹತ್ತಿರ ಕರೆದುಕೊಂಡು ಹೋದಳು. ಹಿಂದೆ ಅವನು ಮೇಣದ ಶಾಖ ಕೊಟ್ಟು, ಹಿಸುಕಲು ಚೆಂಡು ಕೊಟ್ಟು ಕಳಿಸಿದ್ದ. ಚೆಂಡನ್ನು ಮೊಮ್ಮಗಳು ಒಯ್ದಿದ್ದಳು. ಈಗ ಅವನು ಕೈಯನ್ನು ಅತ್ತಿತ್ತ ತಿರುಗಿಸಿ ನೋಡಿ ಹೇಳಿದ:

“ಇಷ್ಟು ಬಿಗಿ ಬಿಟ್ಕೋಬಾರ್ದು ಅಂಕಲ್. ಮಷೀನು ಗಿಷೀನು ಏನೂ ಬೇಡ. ದಿನಾ ಚಪಾತಿ ಹಿಟ್ಟು ನಾದಿ, ಲಟ್ಟಿಸಿ. ಒದ್ದೆ ಬಟ್ಟೆ ಹಿಂಡಿ. ಡಬ್ಬದ ಮುಚ್ಚಳ ತೆಗೆದು ಹಾಕಿ. ಬೀಗ ತಿರುಗಿಸಿ. ಪಾತ್ರೆ ಉಜ್ಜಿದ್ರಂತೂ ಬಿಸಿನೀರಿನ ಶಾಖಾನೂ ಆಗುತ್ತೆ, ವ್ಯಾಯಾಮಾನೂ ಆಗುತ್ತೆ.”

ಹೆಂಡತಿ ಚೀಲದಿಂದ ಕಾಗದ ಪೆನ್ನು ತೆಗೆದಳು. ಅವು ಮನೆಯಿಂದಲೇ ಬಂದಿದ್ದವು. “ಒಂದು ಚೀಟಿ ಮೇಲೆ ಬರೆದು ಸೈನ್ ಹಾಕ್ಕೊಡಪ್ಪ, ಇವರಿಗೆ ಮರೆವು ಜಾಸ್ತಿ” ಎಂದಳು. ಅವನು ಬರೆದು ಮೊಹರನ್ನೂ ಒತ್ತಿದ.

“ಇದನ್ನ ಎಷ್ಟು ದಿನ ಮಾಡ್ಬೇಕಪ್ಪ?”

“ದಿನ ಅಂತೇನಿಲ್ಲ ಆಂಟಿ” ಎಂದ ಆ ಪುಣ್ಯಾತ್ಮ, “ಇರೋವರೆಗೂ ಮಾಡಿದ್ರೂ ಒಳ್ಳೇದೇ.”